ಮೇನ್ ಸ್ವಿಚ್ಚಿನ ಮೇಲಿನ ಅಂಗಿ

ನನ್ನ ಅಳಿಯನ ಅಂಗಿ ನನ್ನ ಬಕೆಟ್ಟಿನ ಮೇಲೆ ಬಿದ್ದಿತ್ತು. ಅವನು ಸತ್ತ ಸುದ್ದಿ ನನಗೆ ಮುಟ್ಟಿದ್ದು ಹಾಗೆ.

ಯಾರೂ ಬಂದು ಹೇಳಲಿಲ್ಲ. ಮೇಲಿನ ಮಹಡಿಯಿಂದ ಮೆಟ್ಟಿಲು ಒರೆಸಿಕೊಂಡು ಇಳಿದು ಬಂದವನು ನೀರು ಬದಲಿಸಲು ನೆಲಮಾಳಿಗೆಗೆ ಹೋದೆ. ಅಲ್ಲಿಟ್ಟಿದ್ದ ಇನ್ನೊಂದು ಬಕೆಟ್ಟಿನ ಅಂಚಿನ ಮೇಲೆ ಒಂದು ಬಟ್ಟೆ ಇತ್ತು. ಒರೆಸಲು ಯಾರೋ ಹಳೆಯ ಬಟ್ಟೆ ಕೊಟ್ಟುಹೋಗಿದ್ದಾರೆ ಎಂದುಕೊಂಡೆ. ಮೇಲಿನ ಮನೆಯವರು ಆಗಾಗ ಹಾಗೆ ಮಾಡುವುದುಂಟು. ತಮಗೆ ಬೇಡವಾದದ್ದನ್ನು ಕೆಳಗೆ ಎಸೆದು ಪುಣ್ಯ ಕಟ್ಟಿಕೊಳ್ಳುತ್ತಾರೆ. ಬಟ್ಟೆಯನ್ನು ನೀರಿಗೆ ಅದ್ದಿದೆ. ಹಿಂಡಿದೆ. ಹಿಂಡುವಾಗ ಒಂದು ಗುಂಡಿ ಬೆರಳಿಗೆ ಸಿಕ್ಕಿತು. ಮಿಕ್ಕ ಗುಂಡಿಗಳು ಬಿಳಿ, ಅದೊಂದು ನೀಲಿ. ನನ್ನ ಮಗಳು ಹೊಲಿದದ್ದು.

ಆ ಅಂಗಿ ಇರಬೇಕಾದ ಜಾಗ ನನ್ನ ಬಕೆಟ್ಟಲ್ಲ. ಮೇನ್ ಸ್ವಿಚ್ಚಿನ ಹಿಡಿ.

ವೈರಿನ ಕೆಲಸ ಮಾಡುವವರಲ್ಲಿ ಒಂದು ಪದ್ಧತಿ ಇದೆ. ಮೇನ್ ಸ್ವಿಚ್ಚನ್ನು ಕೆಳಕ್ಕೆ ಎಳೆದು, ಮೈಮೇಲಿನ ಅಂಗಿ ಬಿಚ್ಚಿ, ಅದರ ಹಿಡಿಗೆ ನೇತುಹಾಕಿ ಕೆಲಸಕ್ಕೆ ಹೋಗುತ್ತಾರೆ. ಬೋರ್ಡು ಬರೆದು ಹಾಕಿದರೆ ಓದಲು ಬಾರದವರು ಎತ್ತಿಬಿಟ್ಟಾರು. ಅಂಗಿಯನ್ನು ಓದಲು ಅಕ್ಷರ ಬೇಕಿಲ್ಲ. ಒಳಗೆಲ್ಲೋ ಒಬ್ಬ ಮನುಷ್ಯ ಬರಿಮೈಯಲ್ಲಿ ಇದ್ದಾನೆ ಎಂದು ಅದು ಹೇಳುತ್ತದೆ. ನನ್ನ ಅಳಿಯನಿಗೆ ಈ ಪದ್ಧತಿಯನ್ನು ಕಲಿಸಿದವನು ಅವನ ಗುರು. ಗುರುವಿಗೆ ಅವನ ಗುರು. ಇನ್ನೊಬ್ಬನ ಅಂಗಿಯನ್ನು ಅವನ ಹೊರತು ಬೇರೆ ಯಾರೂ ತೆಗೆಯಬಾರದು. ದೇವರ ಗೂಡಿನ ದೀಪವನ್ನು ಬೇರೆಯವರು ಆರಿಸುವುದಿಲ್ಲವಲ್ಲ, ಹಾಗೆ.

ತಲೆಯೆತ್ತಿ ನೋಡಿದೆ. ಸ್ವಿಚ್ಚಿನ ಹಿಡಿ ಮೇಲಿತ್ತು. ನೆಲಮಾಳಿಗೆಯ ದೀಪ ಉರಿಯುತ್ತಿತ್ತು. ಲಿಫ್ಟು ಮೇಲೆ ಹೋಗುವ ಸದ್ದು ಕೇಳಿಸಿತು. ಹಿಡಿಯನ್ನು ಎಳೆದು ಕೆಳಗೆ ಹಾಕಿ, ಪೈಪುಗಳು ಇಳಿಯುವ ಕಿರಿದಾದ ಕಿಂಡಿಯೊಳಗೆ ತಲೆ ತೂರಿಸಿ ಕೂಗಿದೆ.

ಏಣಿಯ ಬುಡದಲ್ಲಿ ಅವನಿದ್ದ. ಕೈಯಲ್ಲಿ ಇಕ್ಕಳ. ಬರಿಮೈ. ಬೆನ್ನ ತುಂಬ ಸಿಮೆಂಟಿನ ಧೂಳು. ಇನ್ನೇನೂ ಬರೆಯಲಾರೆ.

ಸಾಮಾನ್ಯವಾಗಿ ಅಂಗಿಯ ಪಕ್ಕದಲ್ಲಿ ನನ್ನ ಮಗಳು ನಿಂತಿರುತ್ತಿದ್ದಳು. ಅವಳು ಅವನ ಹೆಂಡತಿ, ಅವನ ಸಹಾಯಕಿ. ಅವನು ಗೋಡೆ ಕೊರೆದರೆ ಅವಳು ವೈರು ಎಳೆಯುತ್ತಿದ್ದಳು. ಅವಳ ಅಂಗೈ ನೋಡಿದರೆ ಗೊತ್ತಾಗುತ್ತದೆ. ರೇಖೆಗಳ ಮೇಲೆ ರೇಖೆಗಳು ಕೊಯ್ದಿವೆ, ಯಾವ ಜ್ಯೋತಿಷಿಯೂ ಓದಲಾರ. ಆ ಬೆಳಗ್ಗೆ ಕಟ್ಟಡದ ಸಂಘದ ಕಾರ್ಯದರ್ಶಿಗಳ ಹೆಂಡತಿ ಮೇಲಿನಿಂದ ಕೂಗಿದ್ದರು. "ಏ ಹುಡುಗಿ, ನಿನ್ನ ಗಂಡ ಗೋಡೆ ಕೊರೆದು ಸೋಫಾ ಎಲ್ಲ ಧೂಳು ಮಾಡಿದಾನೆ. ಬಂದು ಒರೆಸು." ಹೋಗಿ ಒರೆಸುತ್ತಿದ್ದಳು. ಅವನು ಎಳೆಯುತ್ತಿದ್ದ ವೈರು ಕೂಡ ಅದೇ ಮನೆಯ ಎ.ಸಿ.ಗೆ. ಆ ಮನೆ ತಣ್ಣಗಿರಲೆಂದು ನನ್ನ ಅಳಿಯ ತಣ್ಣಗಾದ.

ಪೊಲೀಸಿನವರು ಬಂದರು. ಕಾಲು ಜಾರಿ ಬಿದ್ದನೆಂದು ಕಾರ್ಯದರ್ಶಿಗಳು ಹೇಳಿದರು. ನಾನು ಅಂಗಿಯ ಮಾತು ಎತ್ತಿದೆ. "ಅಂಗಿ ಏನ್ ಮಾಡ್ತು ತಾತ? ಅಂಗಿ ಹೊಡೀತಾ?" ಎಂದು ಪೊಲೀಸಿನವನು ಕೇಳಿದ. ಪಕ್ಕದವನು ನಕ್ಕ. ಬಂದವರು ಹೋದರು.

ಆ ಕಟ್ಟಡದಲ್ಲಿ ನನ್ನ ಅಳಿಯನಿಗೆ ಹೆಸರಿರಲಿಲ್ಲ. 'ಕರೆಂಟು' ಎನ್ನುತ್ತಿದ್ದರು. "ಕರೆಂಟು, ಬಾರೋ ಇಲ್ಲಿ", "ಕರೆಂಟು, ನಮ್ಮ ಗೀಸರ್ ನೋಡೋ", "ಕರೆಂಟು, ಅಡುಗೆಮನೆಗೊಂದು ಪಾಯಿಂಟು ಹಾಕೋ." ಕಟ್ಟಿದಾಗ ಪ್ರತಿ ಮನೆಗೂ ಒಪ್ಪಿಗೆ ಸಿಕ್ಕಿದ್ದು ಕೆಲವು ದೀಪ, ಕೆಲವು ಫ್ಯಾನು, ಅಷ್ಟಕ್ಕೇ. ಆಮೇಲೆ ಆಸೆಗಳು ಬಂದವು. ಆಸೆಗಳಿಗೆ ಲೈನು ಬೇಕಾಯಿತು. ಇಲಾಖೆಯ ಒಪ್ಪಿಗೆ ಕೇಳುತ್ತ ಕೂತರೆ ಕೂದಲು ನರೆಯುತ್ತದೆ. ನನ್ನ ಅಳಿಯನನ್ನು ಕರೆದರೆ ಸಂಜೆಯೊಳಗೆ ಮುಗಿಯುತ್ತದೆ. "ಅಮ್ಮ, ಇದಕ್ಕೆ ಪರ್ಮಿಷನ್ ಬೇಕು" ಎಂದು ಅವನು ಪ್ರತಿ ಸಲವೂ ಹೇಳುತ್ತಿದ್ದ. "ಅದೆಲ್ಲ ನಾವು ನೋಡ್ಕೋತೀವಿ, ನೀನು ಮಾಡೋ" ಎಂದು ಅವರು ಪ್ರತಿ ಸಲವೂ ಹೇಳುತ್ತಿದ್ದರು. ನೋಡಿಕೊಂಡರು. ಆ ಮಾತಿನ ಅರ್ಥ ನಮಗೆ ತಡವಾಗಿ ತಿಳಿಯಿತು.

ಅವನ ಸೂತಕದ ದಿನಗಳು ಕಳೆಯುವ ಮುನ್ನವೇ ಇಲಾಖೆಯ ನೋಟೀಸು ಬಂತು. ಅದರಲ್ಲಿ ನನ್ನ ಅಳಿಯ ಸತ್ತ ಬಗ್ಗೆ ಒಂದು ಮಾತೂ ಇರಲಿಲ್ಲ. ಮನುಷ್ಯರು ಆ ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲ. ತಂತಿಗಳು ಬರುತ್ತವೆ. ಅನುಮತಿಯಿಲ್ಲದೆ ವಿದ್ಯುತ್ ಕೆಲಸ ನಡೆದಿದೆ, ಇದು ಕಟ್ಟಡ ನಿಯಮದ ಉಲ್ಲಂಘನೆ, ಸರಿಪಡಿಸತಕ್ಕದ್ದು ಎಂದಿತ್ತು.

ಹಿಂದೆಯೇ ಇಲಾಖೆಯ ಇನ್ಸ್‌ಪೆಕ್ಟರ್ ಬಂದರು. ತೆಳ್ಳಗಿನ ಮನುಷ್ಯ. ಕೆಟ್ಟವರಲ್ಲ, ಒಳ್ಳೆಯವರೂ ಅಲ್ಲ, ನಿಯಮದವರು. ನೆಲಮಾಳಿಗೆಯಲ್ಲಿ ಮೂಗಿಗೆ ಕರವಸ್ತ್ರ ಹಿಡಿದು ನಿಂತು ಹೇಳಿದರು:

"ಎರಡೇ ದಾರಿ. ಮಾಡಿಸಿದವರು ಯಾರು ಅಂತ ಒಪ್ಕೊಳ್ಳಿ, ಅವರ ಮೇಲೆ ಕ್ರಮ ಆಗತ್ತೆ. ಇಲ್ಲ, ಮಾಡಿದ್ದನ್ನ ಪೂರ್ತಿ ತೆಗೀರಿ, ಉಲ್ಲಂಘನೆ ಮುಗೀತು."

"ಮೂರನೇದು ಇಲ್ವಾ ಸಾರ್?" ಎಂದು ಕಾರ್ಯದರ್ಶಿಗಳು ಕೇಳಿದರು. ಎಲ್ಲಿ ಹೋದರೂ ಮೂರನೆಯ ದಾರಿ ಕೇಳುವುದು ಅವರ ಅಭ್ಯಾಸ.

ಇನ್ಸ್‌ಪೆಕ್ಟರ್ ಯೋಚಿಸಿದರು. "ಮಾಡಿಸಿದವರೇ ಇಲ್ಲ, ಅವನೇ ಯಾರಿಗೂ ಹೇಳದೆ ಮಾಡಿದ ಅಂತಾದ್ರೆ, ಅವನೂ ಈಗಿಲ್ಲ. ಕ್ರಮ ತಗೊಳ್ಳೋಕೆ ಯಾರೂ ಸಿಗಲ್ಲ. ಆಗ ಲೈನುಗಳನ್ನ ಇದ್ದ ಹಾಗೇ ಸಕ್ರಮ ಮಾಡಬಹುದು. ಸತ್ತವನ ಕಡೆಯವರು ಬರೆದುಕೊಡಬೇಕು."

ಕಾರ್ಯದರ್ಶಿಗಳ ಮುಖದಲ್ಲಿ ಬೆಳಕು ಬಂತು. ಅದಕ್ಕೆ ಯಾರ ಅನುಮತಿಯೂ ಬೇಕಿರಲಿಲ್ಲ.

ಅದೇ ಸಂಜೆ ಮೆಟ್ಟಿಲ ಕೆಳಗಿನ ನಮ್ಮ ಕೋಣೆಗೆ ಬಂದರು. ಅಷ್ಟು ವರ್ಷಗಳಲ್ಲಿ ಅವರು ಅಲ್ಲಿಗೆ ಬಂದದ್ದು ಅದೇ ಮೊದಲು. ಬಾಗಿಲಿಗೆ ತಲೆ ತಾಗಿಸಿಕೊಂಡರು. ಆ ಬಾಗಿಲಿನಲ್ಲಿ ಬಗ್ಗಿ ಅಭ್ಯಾಸವಿಲ್ಲದವರು.

"ನೋಡಿ ಯಜಮಾನ್ರೇ, ಹೋದೋನು ಹೋದ. ಇರೋರು ಇರಬೇಕಲ್ವಾ? ಅವನೇ ತನ್ನಷ್ಟಕ್ಕೆ ಮಾಡಿದ ಅಂತ ನೀವೂ ಮಗಳೂ ಒಂದು ಸಹಿ ಹಾಕಿ. ಈ ಕೋಣೆ ನಿಮ್ದೇ. ಸಾಯೋವರೆಗೂ ಇರಿ."

"ಹಾಕದಿದ್ರೆ?" ಎಂದಳು ಮಗಳು.

"ನಾನು ಹಾಗೆಲ್ಲ ಹೇಳೋ ಮನುಷ್ಯ ಅಲ್ಲಮ್ಮ." ತಲೆ ಉಜ್ಜಿಕೊಂಡರು. "ಆದ್ರೆ ಸಂಘದೋರು ಇದಾರಲ್ಲ, ಅವರು ಹೇಳ್ತಾರೆ."

ಸಂಘದ ಎಲ್ಲ ಕೆಲಸವನ್ನೂ ಅವರೇ ಮಾಡುತ್ತಿದ್ದರು. ಅಳಿಯ ಅಲ್ಲ, ಮಗಳ ಗಂಡ ಎಂದಂತೆ.

ಅವರು ಹೋದ ಮೇಲೆ ಮಗಳು ನನ್ನನ್ನು ಕೇಳಿದಳು. "ಅಪ್ಪಾ, ಏನ್ ಮಾಡೋಣ?"

ನನಗೆ ವಯಸ್ಸಾಗಿದೆ. ಮೆಟ್ಟಿಲು ಒರೆಸಿ ಒರೆಸಿ ಮಂಡಿಗಳು ಮಡಚುವುದಿಲ್ಲ. ಪ್ರಾರ್ಥನೆಗೆ ಕೂಡ ನಿಂತೇ ಕೈ ಮುಗಿಯುತ್ತೇನೆ. ಆ ಕೋಣೆ ಬಿಟ್ಟರೆ ತಲೆಯ ಮೇಲೆ ಆಕಾಶ. ಆದರೆ ಸಹಿ ಹಾಕಿದರೆ ನನ್ನ ಅಳಿಯ ಕಳ್ಳನಾಗುತ್ತಾನೆ. ತನ್ನ ಕಳ್ಳ ಕೆಲಸದಲ್ಲಿ ತಾನೇ ಸತ್ತವನಾಗುತ್ತಾನೆ. ಅಂಗಿ ತೆಗೆದ ಕೈ ಇರುವುದೇ ಇಲ್ಲ. "ದೇವರು ದಾರಿ ತೋರಿಸ್ತಾನೆ ಮಗಳೇ" ಎಂದೆ.

"ಮೂರನೇದಾ?" ಎಂದಳು. ಅವನು ಹೋದ ಮೇಲೆ ಅವಳು ಆಡಿದ ಮೊದಲ ನಗೆಮಾತು ಅದು. ನಗು ಬರಲಿಲ್ಲ. ಆಮೇಲೆ ಅಂಗಿಯನ್ನು ಒಗೆದು ಒಣಹಾಕಿದಳು.

ಸಂಘದವರು ಸಂತಾಪ ಸಭೆ ಇಟ್ಟುಕೊಂಡರು. ಕಟ್ಟಡದ ಸಭಾಂಗಣದಲ್ಲಿ, ಮಧ್ಯಾಹ್ನದ ಊಟದ ನಂತರ. ಇನ್ಸ್‌ಪೆಕ್ಟರನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಟೀ ಕೊಟ್ಟರು. ನನ್ನ ಅಳಿಯನ ಗುರುತಿನ ಚೀಟಿಯ ಫೋಟೋವನ್ನು ದೊಡ್ಡದು ಮಾಡಿ ಗೋಡೆಗೆ ಹಾಕಿದ್ದರು. ದೊಡ್ಡದು ಮಾಡಿದ್ದರಿಂದ ಮುಖ ಮಬ್ಬಾಗಿತ್ತು. ಸುತ್ತಲೂ ಮಿಣುಕು ದೀಪಗಳ ಸರ. ಆ ಸರಕ್ಕೆ ಕರೆಂಟು ಬರುತ್ತಿದ್ದುದು ಅವನೇ ಎಳೆದ ಅನುಮತಿಯಿಲ್ಲದ ಲೈನಿನಿಂದ. ತನ್ನ ಸಂತಾಪಕ್ಕೆ ತಾನೇ ದೀಪ ಹಚ್ಚಿಟ್ಟು ಹೋಗಿದ್ದ.

ನಾನೂ ಮಗಳೂ ಬಾಗಿಲ ಬಳಿ ನಿಂತೆವು. ಕೂರಿ ಎಂದು ಯಾರೂ ಹೇಳಲಿಲ್ಲ.

ಮೊದಲು ಪ್ರಾರ್ಥನೆ. ಮೂರನೆಯ ಮಹಡಿಯ ಪ್ರವಚನದವರು ಎದ್ದು ನಿಂತರು. ಅವರು ಪ್ರತಿ ವಾರ ತಮ್ಮ ಮನೆಯಲ್ಲಿ ಜನ ಸೇರಿಸಿ ಧರ್ಮದ ಮಾತು ಹೇಳುತ್ತಿದ್ದರು. ಬಾಗಿಲ ಹೊರಗೆ ಮೆಟ್ಟಿಲು ಒರೆಸುತ್ತ ನಾನೂ ಎಷ್ಟೋ ಕೇಳಿದ್ದೇನೆ. ಕಟ್ಟಡದಲ್ಲಿ ನನ್ನನ್ನು 'ಹಿರಿಯರೇ' ಎಂದು ಕರೆಯುತ್ತಿದ್ದವರು ಅವರೊಬ್ಬರೇ. ಅದಕ್ಕಾಗಿ ನನಗೆ ಅವರ ಮೇಲೆ ಭಕ್ತಿಯಿತ್ತು. ಕಣ್ಣು ಮುಚ್ಚಿ ಪ್ರಾರ್ಥಿಸಿದರು. ಒಳ್ಳೆಯ ಕಂಠ. ದೇಹ ಒಂದು ಅಂಗಿ, ಆತ್ಮ ಅದನ್ನು ಕಳಚಿ ಹೋಗುತ್ತದೆ ಎಂದರು. ಅಂಗಿ ಎಂದಾಗ ಅವರ ಕಂಠ ಸ್ವಲ್ಪ ತಡೆಯಿತು. ಎಂಥ ಮೃದು ಮನಸ್ಸು ಎಂದು ನಾನು ಕಣ್ಣೀರು ಒರೆಸಿಕೊಂಡೆ.

ಆಮೇಲೆ ಕಾರ್ಯದರ್ಶಿಗಳ ಭಾಷಣ. ಸತ್ತ ಎಮ್ಮೆಗೆ ಹಾಲು ಹೆಚ್ಚು. ಬದುಕಿದ್ದಾಗ 'ಏ ಕರೆಂಟು' ಆಗಿದ್ದವನು ಈಗ 'ನಮ್ಮೆಲ್ಲರ ಆತ್ಮೀಯ ತಂತ್ರಜ್ಞ' ಆದ. ನಿಸ್ವಾರ್ಥಿ ಆದ. ಕಲೋಪಾಸಕ ಆದ. ಹೀಗೆ ಏರಿಸುತ್ತ ಏರಿಸುತ್ತ ಹೋಗಿ, ಕೊನೆಗೆ, "ಈ ಮಹನೀಯರು ಯಾರ ಸೂಚನೆಯೂ ಇಲ್ಲದೆ, ಯಾರ ಗಮನಕ್ಕೂ ಬಾರದಂತೆ, ಕೇವಲ ಸ್ವಯಂಪ್ರೇರಣೆಯಿಂದ ಇಡೀ ಕಟ್ಟಡಕ್ಕೆ ಹೆಚ್ಚುವರಿ ಲೈನುಗಳನ್ನು ಹಾಕಿದ್ದರೆಂಬುದು ಅವರ ನಿಧನದ ನಂತರವಷ್ಟೇ ನಮಗೆಲ್ಲ ತಿಳಿದುಬಂದಿದೆ" ಎಂದು ಓದಿದರು. ಎಲ್ಲರೂ ಗಂಭೀರವಾಗಿ ತಲೆಯಾಡಿಸಿದರು.

ನಾನು ಕಲ್ಪಿಸಿಕೊಂಡೆ. ಇವರೆಲ್ಲ ಮಲಗಿದ್ದಾಗ ನನ್ನ ಅಳಿಯ ಬೆಕ್ಕಿನಂತೆ ಒಳಗೆ ಬರುತ್ತಾನೆ. ಉಳಿ ಸುತ್ತಿಗೆ ಹಿಡಿದು ಗೋಡೆ ಒಡೆಯುತ್ತಾನೆ, ಯಾರಿಗೂ ಎಚ್ಚರವಾಗುವುದಿಲ್ಲ. ಎ.ಸಿ. ಕೂರಿಸುತ್ತಾನೆ. ಗೀಸರ್ ಕೂರಿಸುತ್ತಾನೆ. ಸಿಮೆಂಟು ಮೆತ್ತಿ, ಬಣ್ಣ ಬಳಿದು, ಪರಾರಿಯಾಗುತ್ತಾನೆ. ಬೆಳಗ್ಗೆ ಎದ್ದ ಮನೆಯವರು 'ಅರೆ, ಬಿಸಿನೀರು ಬರುತ್ತಿದೆ!' ಎಂದು ದೇವರಿಗೆ ಕೈ ಮುಗಿಯುತ್ತಾರೆ. ಕೋತಿ ಮೊಸರು ತಿಂದು ಮೇಕೆಯ ಮೂತಿಗೆ ಒರೆಸಿದ ಕಥೆ ಕೇಳಿದ್ದೆ. ಸತ್ತ ಮೇಕೆಯ ಮೂತಿಗೆ ಒರೆಸಿ, ಮೇಲೆ ಹಾರ ಹಾಕಿ, ಭಾಷಣ ಮಾಡಿದ್ದನ್ನು ಅಂದೇ ನೋಡಿದ್ದು.

"ಬಾಮ್ಮ, ಇಲ್ಲಿ ಸಹಿ ಹಾಕು" ಎಂದರು ಕಾರ್ಯದರ್ಶಿಗಳು.

ಮಗಳು ಮುಂದೆ ಹೋದಳು. ಪೆನ್ನು ತೆಗೆದುಕೊಳ್ಳಲಿಲ್ಲ. ಎರಡನೆಯ ಮಹಡಿಯ ದಪ್ಪ ಅಮ್ಮನವರ ಕಡೆ ತಿರುಗಿದಳು.

"ಅಮ್ಮಾ, ನಿಮ್ಮ ಅಡುಗೆಮನೆಗೆ ಮೂರು ಪಾಯಿಂಟು ಇದಾವಲ್ಲ, ಓವನ್‌ದು, ಮಿಕ್ಸಿದು, ಫ್ರೀಜರ್‌ದು. ನೀವು ಹೇಳಿ ಹಾಕಿಸಿದ್ದಲ್ವಾ?"

"ನಂಗೇನ್ ಗೊತ್ತೇ? ನಾನು ನೋಡಿದಾಗ ಇತ್ತಪ್ಪ."

"ಸಾರ್, ನಿಮ್ಮ ಮೀನಿನ ತೊಟ್ಟಿ ಲೈನು?"

"ಬಾಡಿಗೆಗೆ ಬಂದಾಗಲೇ ಇತ್ತು" ಎಂದರು ಆ ಮನೆ ಕಟ್ಟಿದಾಗಿನಿಂದ ಅದರ ಮಾಲೀಕರಾಗಿರುವವರು.

"ಕಾರ್ಯದರ್ಶಿ ಸಾಹೇಬ್ರೇ, ನಿಮ್ಮ ಎ.ಸಿ.?"

"ನೋಡಮ್ಮ, ಇದು ಸಂತಾಪ ಸಭೆ. ವೈಯಕ್ತಿಕ ವಿಷಯ ಬೇಡ."

"ಅಂದ್ರೆ ಯಾರೂ ಹೇಳಿಲ್ಲ."

"ಯಾರೂ ಹೇಳಿಲ್ಲ."

"ಯಾರಿಗೂ ಬೇಕಾಗಿರಲಿಲ್ಲ."

"ಯಾರಿಗೂ ಬೇಕಾ..." ಕಾರ್ಯದರ್ಶಿಗಳು ಮಾತು ನಿಲ್ಲಿಸಿದರು. ಕಾಲಡಿ ಏನೋ ಜಾರಿದಂತೆ ಅವರಿಗೆ ಅನ್ನಿಸಿರಬೇಕು.

"ಸರಿ" ಎಂದಳು ನನ್ನ ಮಗಳು. "ನನ್ನ ಗಂಡ ಯಾರೂ ಕೇಳದೆ, ಯಾರಿಗೂ ಬೇಕಿಲ್ಲದೆ ಮಾಡಿದಾನೆ. ತಪ್ಪಾಯ್ತು. ಬೇಡದ್ದನ್ನ ನಿಮ್ಮ ಮನೇಲಿ ಬಿಟ್ಟುಹೋಗೋದು ನ್ಯಾಯ ಅಲ್ಲ. ಎಲ್ಲಾ ತೆಗೆದುಕೊಡ್ತೀನಿ. ತೆಗೆದಾದ ಮೇಲೆ ಸಹಿ. ಇನ್ಸ್‌ಪೆಕ್ಟರ್ ಸಾರ್, ತೆಗೆದ್ರೆ ಉಲ್ಲಂಘನೆ ಮುಗೀತು ಅಂದ್ರಲ್ಲ?"

ಇನ್ಸ್‌ಪೆಕ್ಟರ್ ಟೀ ಲೋಟ ಕೆಳಗಿಟ್ಟರು. ಅವರ ಇಡೀ ನೌಕರಿಯಲ್ಲಿ ಯಾರೂ ಆ ದಾರಿಯನ್ನು ಹಿಡಿದಿರಲಿಲ್ಲವೆಂದು ಕಾಣುತ್ತದೆ. "ಹೌದು" ಎಂದರು. "ನಿಯಮ ಅದೇ. ಅದು ಎಲ್ಲಕ್ಕಿಂತ ಒಳ್ಳೇ ದಾರಿ. ನಾನೇ ಕೂತು ನೋಡ್ತೀನಿ."

ಗದ್ದಲವಾಯಿತು. ಹತ್ತು ಬಾಯಿ ಒಟ್ಟಿಗೆ ಮಾತಾಡಿದವು. ಅವಳು ಹೊರಗೆ ಬಂದಳು. ನಾನು ಹಿಂದೆ ಹೋದೆ. ಅವನ ಚೀಲವನ್ನು ಹೆಗಲಿಗೆ ಹಾಕಿಕೊಂಡಳು. ಮೇನ್ ಸ್ವಿಚ್ಚನ್ನು ಕೆಳಕ್ಕೆ ಎಳೆದಳು. ಒಗೆದಿಟ್ಟ ಅಂಗಿಯನ್ನು ಕೊಡವಿ ಹಿಡಿಗೆ ನೇತುಹಾಕಿದಳು. ಮೇಲೆ ಸಭಾಂಗಣದಲ್ಲಿ ಫೋಟೋದ ಸುತ್ತಲಿನ ದೀಪಗಳು ಆರಿರಬೇಕು.

ಮೊದಲು ನಮ್ಮ ಕೋಣೆಯ ಬಲ್ಬನ್ನು ತೆಗೆದಳು. ಅದೂ ಅವನು ಅನುಮತಿಯಿಲ್ಲದೆ ಹಾಕಿದ್ದೇ. "ನಮ್ಮನೇದು ಮೊದಲು ಹೋಗ್ಲಿ ಅಪ್ಪಾ. ಆಮೇಲೆ ಯಾರೂ ಬಾಯಿ ಬಿಡಬಾರದು" ಎಂದಳು.

ಮನೆಯಿಂದ ಮನೆಗೆ ಹೋದೆವು. ನಾನು ಏಣಿ ಹಿಡಿದೆ, ಅವಳು ಹತ್ತಿದಳು, ಇನ್ಸ್‌ಪೆಕ್ಟರ್ ಬಾಗಿಲಲ್ಲಿ ನಿಂತರು. ಹಳೆಯ ಒಪ್ಪಿಗೆಯ ಲೈನುಗಳಿಗೆ ಅವನು ಕೈ ಹಚ್ಚಿರಲಿಲ್ಲ. ತನ್ನವನ್ನು ಬೇರೆಯೇ ಎಳೆದಿದ್ದ. ಅವನದು ಯಾವುದು ಎಂದು ಹುಡುಕುವ ಕಷ್ಟವೂ ಇರಲಿಲ್ಲ. ವೈರು ಕೂಡಿಸಿ ಕಪ್ಪು ಟೇಪು ಸುತ್ತಿದ ಮೇಲೆ ಅವನು ಟೇಪಿನ ತುದಿಯನ್ನು ಅಂಟಿಸುತ್ತಿರಲಿಲ್ಲ. ಚಿಕ್ಕದಾಗಿ ಮಡಚಿ ಒಂದು ಬಾಲ ಬಿಡುತ್ತಿದ್ದ. "ಯಾಕೋ ಈ ಬಾಲ?" ಎಂದು ಒಮ್ಮೆ ಕೇಳಿದ್ದೆ. "ಮಾವ, ನಾಳೆ ಇದನ್ನ ಬಿಚ್ಚೋನು ನಾನೇ ಆಗಿರಬೇಕು ಅಂತೇನಿಲ್ಲವಲ್ಲ. ಯಾರೋ ಪಾಪ. ಅವನ ಉಗುರು ಯಾಕೆ ಕೀಳಬೇಕು?" ಎಂದಿದ್ದ.

ಬಿಚ್ಚುವವಳು ಅವನ ಹೆಂಡತಿಯೇ ಆದಳು. ಬೋರ್ಡು ತೆಗೆಯುತ್ತಾಳೆ, ಬಾಲ ಕಾಣುತ್ತದೆ, ಹಿಡಿದು ಎಳೆಯುತ್ತಾಳೆ, ಸರಕ್ಕನೆ ಬಿಚ್ಚಿಕೊಳ್ಳುತ್ತದೆ. ಒಂದೊಂದು ಬಾಲ ಹಿಡಿದಾಗಲೂ ಅವಳ ಕೈ ಒಂದು ಕ್ಷಣ ನಿಲ್ಲುತ್ತಿತ್ತು. ನಾನು ಬೇರೆ ಕಡೆ ನೋಡುತ್ತಿದ್ದೆ.

"ಲೇ, ಫ್ರೀಜರ್‌ನಲ್ಲಿ ಐಸ್‌ಕ್ರೀಮ್ ಇದೆ ಕಣೇ!" ಎಂದರು ದಪ್ಪ ಅಮ್ಮನವರು.

"ತಿಂದುಬಿಡಿ ಅಮ್ಮಾ."

"ನನ್ನ ಮೀನುಗಳು ಸಾಯ್ತಾವಲ್ಲಮ್ಮ! ಅವಕ್ಕೆ ಗಾಳಿ ಬೇಡ್ವಾ? ಜೀವ ಅಲ್ವಾ ಅವು?"

ಮಗಳು ಏಣಿಯ ಮೇಲಿನಿಂದ ಅವರನ್ನು ನೋಡಿದಳು. ಜೀವ ಎಂಬ ಮಾತನ್ನು ಆ ಕಟ್ಟಡದಲ್ಲಿ ಕೇಳಿ ಬಹಳ ದಿನವಾಗಿತ್ತು. "ಒಂದು ಬಕೆಟ್ಟಿಗೆ ಹಾಕಿ ಕೊಡಿ ಸಾರ್" ಎಂದಳು. "ಕೆರೆಗೆ ಬಿಟ್ಟು ಬರ್ತೀನಿ." ಕೊಡಲಿಲ್ಲ.

ಕಾರ್ಯದರ್ಶಿಗಳ ಮನೆಯಲ್ಲಿ ಎ.ಸಿ.ಯ ವೈರು ಅರ್ಧಕ್ಕೇ ನಿಂತಿತ್ತು. ಅದರ ತುದಿಗೆ ಟೇಪೂ ಇರಲಿಲ್ಲ, ಬಾಲವೂ ಇರಲಿಲ್ಲ. ಅಷ್ಟರಲ್ಲಿ ಯಾರೋ ಅಂಗಿ ತೆಗೆದಿದ್ದರು. ಮಗಳು ಆ ವೈರನ್ನು ಕತ್ತರಿಸಲಿಲ್ಲ. ಕಿಂಡಿಯಿಂದ ಪೂರ್ತಿ ಎಳೆದು, ಸುತ್ತಿ, ಚೀಲಕ್ಕೆ ಹಾಕಿಕೊಂಡಳು.

ಪ್ರವಚನದವರ ಮನೆಯಲ್ಲಿ ಗೀಸರಿನ ಲೈನು ತೆಗೆಯುವಾಗ ಅವರು ಪುಸ್ತಕ ಹಿಡಿದು ಕೂತಿದ್ದರು. ಪುಟ ತಿರುಗಲಿಲ್ಲ.

ಬೆಳಕು ಇಳಿಯುವ ಹೊತ್ತಿಗೆ ಕೆಲಸ ಮುಗಿಯಿತು. ನೆಲಮಾಳಿಗೆಯಲ್ಲಿ ವೈರಿನ ಗುಡ್ಡೆ ಬಿದ್ದಿತ್ತು. ಇನ್ಸ್‌ಪೆಕ್ಟರ್ ಒಂದು ಸುತ್ತು ನೋಡಿ ಬಂದು, ಉಲ್ಲಂಘನೆ ನಿವಾರಣೆಯಾಗಿದೆ ಎಂದು ಬರೆದರು. ಬರೆದದ್ದನ್ನು ಸಂತೋಷದಿಂದ ಇನ್ನೊಮ್ಮೆ ಓದಿಕೊಂಡರು. "ಈಗ ಕಟ್ಟಡ ಶುದ್ಧ. ಹಳೇ ಲೈನು ಚೆನ್ನಾಗಿವೆ. ಮೇನ್ ಹಾಕ್ಕೊಳ್ಳಿ" ಎಂದು ಹೇಳಿ ಹೊರಟರು.

ಮೇನ್ ಸ್ವಿಚ್ಚಿನ ಮುಂದೆ ಎಲ್ಲ ಮನೆಯವರೂ ಸೇರಿದ್ದರು. ಹಿಡಿಯ ಮೇಲೆ ಅಂಗಿ. ಬಿಳಿ ಗುಂಡಿಗಳು, ಒಂದು ನೀಲಿ.

"ಹಾಕಮ್ಮ" ಎಂದರು ಕಾರ್ಯದರ್ಶಿಗಳು.

"ನಾನು ಹಾಕಲ್ಲ."

"ಯಾಕೆ?"

"ಅವತ್ತು ಇದೇ ಅಂಗಿ ಇಲ್ಲೇ ಇತ್ತು. ಯಾರೋ ತೆಗೆದು ನಮ್ಮಪ್ಪನ ಬಕೆಟ್ಟಿನ ಮೇಲೆ ಹಾಕಿ ಮೇನ್ ಎತ್ತಿದ್ರು. ಆ ಕೈಗೆ ಅಭ್ಯಾಸ ಇದೆ. ಅದೇ ಕೈ ಇವತ್ತೂ ತೆಗೀಲಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅಲ್ಲಿ ನಿಂತವರೆಲ್ಲ ಕೈ ಹಿಂದಕ್ಕೆ ಕಟ್ಟಿಕೊಂಡರು. ಕೆಲವರು ಜೇಬಿಗೆ ಹಾಕಿಕೊಂಡರು. ಅಂಗಿಯನ್ನು ಮುಟ್ಟಿದವನೇ ಅಳಿಯನ ಸಾವಿಗೆ ಬಾಧ್ಯನಾಗುತ್ತಾನೆ. ಮುಟ್ಟದಿದ್ದರೆ ದೀಪವಿಲ್ಲ, ನೀರಿನ ಪಂಪಿಲ್ಲ, ಲಿಫ್ಟಿಲ್ಲ.

ಮರುದಿನ ಸಂಘದ ಸಭೆ ಕಿಟಕಿಯ ಬೆಳಕಿನಲ್ಲಿ ನಡೆಯಿತು. ಉದ್ದನೆಯ ಕೋಲಿನಿಂದ ಅಂಗಿಯನ್ನು ತೆಗೆಯತಕ್ಕದ್ದು ಎಂದು ತೀರ್ಮಾನವಾಯಿತು. ಕೋಲನ್ನು ಯಾರು ಹಿಡಿಯುವುದು ಎಂಬಲ್ಲಿ ಸಭೆ ಮುರಿಯಿತು. ಎಲ್ಲರೂ ಒಟ್ಟಿಗೆ ಹಿಡಿಯೋಣ ಎಂದರು ಮೀನಿನವರು. ಒಟ್ಟಿಗೆ ಹಿಡಿದರೆ ಒಟ್ಟಿಗೆ ಸಿಕ್ಕಿಬೀಳುತ್ತೇವೆ ಎಂದರು ಇನ್ನೊಬ್ಬರು.

ಕಾರ್ಯದರ್ಶಿಗಳು ಹೊರಗಿನಿಂದ ಒಬ್ಬ ವೈರಿಂಗ್ ಕೆಲಸದವನನ್ನು ಕರೆಸಿದರು. ಅವನು ಚೀಲ ಹಿಡಿದು ಸೀಟಿ ಹಾಕುತ್ತ ಬಂದ. ಅಂಗಿ ಕಂಡು ಸೀಟಿ ನಿಲ್ಲಿಸಿದ.

"ಒಳಗೆ ಯಾರೋ ಕೆಲಸ ಮಾಡ್ತಿದಾರೆ."

"ಯಾರೂ ಇಲ್ಲಪ್ಪ, ಅವನು ಸತ್ತುಹೋದ. ನೀನು ತೆಗಿ."

"ಸತ್ತಿದ್ರೆ ಇನ್ನೂ ತೆಗೆಯಲ್ಲ" ಎಂದು ಹೊರಟೇಬಿಟ್ಟ. ಇನ್ನೊಬ್ಬ ಬಂದ, ಅವನೂ ಅಂಗಿ ನೋಡಿದ, ನಮಸ್ಕಾರ ಮಾಡಿದ, ಹೋದ. ಮೂರನೆಯವನು ಗೇಟಿನಿಂದಲೇ ತಿರುಗಿದ. ಸುದ್ದಿ ಆ ಕಸುಬಿನವರಲ್ಲೆಲ್ಲ ಹಬ್ಬಿತ್ತು. ಕಾರ್ಯದರ್ಶಿಗಳಿಗೆ ಈ ಸಲ ಮೂರನೆಯ ದಾರಿಯೂ ಸಿಗಲಿಲ್ಲ.

ಜನ ಬಕೆಟ್ಟಿನಲ್ಲಿ ನೀರು ಹೊತ್ತು ಮೆಟ್ಟಿಲು ಹತ್ತಿದರು. ನನ್ನ ಮೆಟ್ಟಿಲುಗಳು ಎಷ್ಟು ಎತ್ತರ ಎಂದು ಅವರಿಗೆ ಗೊತ್ತಾಯಿತು. "ತಾತ, ಇದನ್ನ ದಿನಾ ಹತ್ತಿ ಇಳೀತಿದ್ಯಾ?" ಎಂದು ದಪ್ಪ ಅಮ್ಮನವರು ಮೆಟ್ಟಿಲ ಮಧ್ಯೆ ಕೂತು ಕೇಳಿದರು. "ಒರೆಸಿಕೊಂಡು ಅಮ್ಮಾ" ಎಂದೆ.

ಕಾರ್ಯದರ್ಶಿಗಳು ನಮ್ಮ ಕತ್ತಲೆಯ ಕೋಣೆಗೆ ಮತ್ತೆ ಬಂದರು. ಮತ್ತೆ ತಲೆ ತಾಗಿಸಿಕೊಂಡರು. "ಮುದುಕಾ, ಇವತ್ತೇ ಕೋಣೆ ಖಾಲಿ ಮಾಡು!"

"ಮಾಡ್ತೀವಿ" ಎಂದಳು ಮಗಳು. "ಗಂಟು ಕಟ್ಟಿ ಆಗಿದೆ. ಅಂಗಿ ಒಂದು ಬಾಕಿ. ತೆಗೆದುಕೊಡಿ, ಹೊರಟ್ವಿ."

ಅವರು ಕೊಡಲಿಲ್ಲ. ನಾವು ಹೊರಡಲಿಲ್ಲ.

ಒಂದು ಬೆಳಗ್ಗೆ, ಸ್ನಾನದ ಹೊತ್ತಿನಲ್ಲಿ, ಮೆಟ್ಟಿಲ ಮೇಲೆ ಜನ ಬಕೆಟ್ಟು ಹಿಡಿದು ಹತ್ತುತ್ತ ಇಳಿಯುತ್ತ ಇದ್ದರು. ಪ್ರವಚನದವರು ಕೆಳಗಿಳಿದು ಬಂದರು. ಕೈಯಲ್ಲಿ ಬಕೆಟ್ಟಿರಲಿಲ್ಲ. ಬರಿಗೈ. ಅಂಗಿಯ ಮುಂದೆ ಬಹಳ ಹೊತ್ತು ನಿಂತರು. ಕಾರ್ಯದರ್ಶಿಗಳು ಮೇಲಿನಿಂದ "ಬೇಡ, ಬೇಡ, ನಿಮಗ್ಯಾಕೆ" ಎಂದರು. ಅವರು ಕೈ ಚಾಚಿ ಅಂಗಿಯನ್ನು ತೆಗೆದರು. ಇನ್ನೊಂದು ಕೈಯಿಂದ ಹಿಡಿಯನ್ನು ಎತ್ತಿದರು. ಕೈ ತಡವರಿಸಲಿಲ್ಲ. ನಿಜವಾಗಿಯೂ ಅಭ್ಯಾಸವಿತ್ತು.

ದೀಪ ಬಂತು. ಯಾರೂ ಸಂತೋಷಪಡಲಿಲ್ಲ.

"ಹಿರಿಯರೇ" ಎಂದರು ನನ್ನನ್ನು. "ಅವತ್ತು ಸ್ನಾನಕ್ಕೆ ಕೂತಿದ್ದೆ. ನೀರು ತಣ್ಣಗಾಗ್ತಾ ಇತ್ತು."

ಅಷ್ಟೇ. ಮೂರು ಮಹಡಿ ಇಳಿದು ಬಂದು, ಬರಿಮೈಯ ಮನುಷ್ಯನ ಅಂಗಿಯನ್ನು ತೆಗೆದು, ಒರೆಸುವ ಬಟ್ಟೆಯಂತೆ ನನ್ನ ಬಕೆಟ್ಟಿನ ಮೇಲೆ ಎಸೆದು, ಹಿಡಿ ಎತ್ತಿ, ಲಿಫ್ಟಿನಲ್ಲಿ ಮೇಲೆ ಹೋಗಿ, ಬಿಸಿನೀರಿನಲ್ಲಿ ಮಿಂದು, ದೇವರ ಮುಂದೆ ಕೂತಿದ್ದರು. ಆಮೇಲೆ ಸಭೆಯಲ್ಲಿ ಕಣ್ಣು ಮುಚ್ಚಿ ಪ್ರಾರ್ಥಿಸಿದ್ದರು. ಕಂಠ ತಡೆದದ್ದು ಅದಕ್ಕೆ.

ಅಂಗಿಯನ್ನು ನನ್ನ ಕಡೆ ಚಾಚಿದರು. ನಾನು ತೆಗೆದುಕೊಳ್ಳಲಿಲ್ಲ. ನನಗೆ ಆ ಕೈ ಬೇಡವಾಗಿತ್ತು.

ಮಗಳು ತೆಗೆದುಕೊಂಡಳು. ಮಡಚಿದಳು. "ಈಗ ಹೇಳಿದ್ರಲ್ಲ, ಅದನ್ನೇ ಠಾಣೆಯಲ್ಲಿ ಹೇಳಿ. ಬನ್ನಿ" ಎಂದು ಮುಂದೆ ನಡೆದಳು. ತಿರುಗಿ ನೋಡಲಿಲ್ಲ. ಅವರು ಹಿಂದೆ ಹೋದರು. ಹೋಗದೆ ಏನು ಮಾಡಿಯಾರು? ಮೆಟ್ಟಿಲ ತುಂಬ ಜನ ಬಕೆಟ್ಟು ಹಿಡಿದು ನಿಂತಿದ್ದರು. ನಾನು ನಮ್ಮ ಗಂಟನ್ನು ಎತ್ತಿಕೊಂಡು ಕೋಣೆಯ ಬಾಗಿಲು ತೆರೆದಿಟ್ಟೇ ಹೊರಟೆ. ಆ ಸಹಿಯನ್ನು ನಾವು ಹಾಕಲಿಲ್ಲ. ಅದನ್ನು ಯಾರೂ ಕೇಳಲೂ ಇಲ್ಲ.

ಠಾಣೆ, ನ್ಯಾಯಾಲಯ ಏನು ಮಾಡುತ್ತವೋ ನನಗೆ ಗೊತ್ತಿಲ್ಲ. ದೊಡ್ಡವರ ತಪ್ಪು ಸಕ್ರಮವಾಗಲು ಅಲ್ಲಿ ಬೇಕಾದಷ್ಟು ದಾರಿಗಳಿವೆ. ನನ್ನ ಚಿಂತೆ ಬೇರೆ. ನನ್ನ ಅಳಿಯನಿಗಾಗಿ ಆ ಕಟ್ಟಡದಲ್ಲಿ ನಡೆದ ಪ್ರಾರ್ಥನೆ ಆ ಬಾಯಿಯಿಂದ ಬಂದದ್ದು. ಅದು ಚಾವಣಿ ದಾಟಿ ಮೇಲೆ ಹೋಗಿರಲಾರದು. ಹಾಗಾಗಿ ನಾನು ಮತ್ತೆ ಮಾಡಬೇಕಾಗಿದೆ. ಮಂಡಿ ಮಡಚದು. ನಿಂತೇ ಮಾಡುತ್ತೇನೆ.

ಒಡೆಯಾ, ನಿನ್ನ ಬಳಿಗೆ ಒಬ್ಬ ಬಂದಿದ್ದಾನೆ. ಇಲ್ಲಿ ಅವನನ್ನು ಕರೆಂಟು ಎಂದು ಕೂಗುತ್ತಿದ್ದರು. ಅವನ ಹೆಸರು ನಿನಗೆ ಗೊತ್ತು, ಅದರಿಂದಲೇ ಕರೆ. ಮುಂದೆ ಬಿಚ್ಚುವವನ ಉಗುರು ನೋಯದಿರಲೆಂದು ತಾನು ಕಟ್ಟಿದ ಪ್ರತಿ ಕಟ್ಟಿಗೂ ಅವನು ಬಾಲ ಬಿಟ್ಟಿದ್ದ. ಅವನ ಜೀವದ ಕಟ್ಟನ್ನು ನೀನೂ ಹಾಗೆಯೇ ಮೆಲ್ಲನೆ ಬಿಡಿಸು. ಅವನ ಬೆನ್ನ ಮೇಲಿನ ಧೂಳನ್ನು ಒರೆಸು. ಅವನು ನಿನ್ನ ಬಳಿಗೆ ಬರಿಮೈಯಲ್ಲಿ ಬಂದಿದ್ದಾನೆ. ಅಂಗಿ ಇಲ್ಲಿಯೇ ಉಳಿಯಿತು. ಅವನಿಗೆ ಏನಾದರೂ ಹೊದಿಸು, ಒಡೆಯಾ. ಅವನಿಗೆ ಶಾಂತಿ ಕೊಡು.